ಮನೆಗೆ ಇ.ವಿ. ಚಾರ್ಜರ್: 3.3 ಕಿಲೋವ್ಯಾಟ್ ಸಾಕಾ, 7.2 ಬೇಕೇ ಬೇಕಾ?

ಕೆರೆ_ಏರಿ_ವಾಕರ್ (ಮೈಸೂರು)

ನಮಸ್ಕಾರ. ಟಾಟಾ ಪಂಚ್ ಇ.ವಿ. (ಎಲೆಕ್ಟ್ರಿಕ್ ಕಾರು), 35 ಕಿಲೋವ್ಯಾಟ್ ಅವರ್ ಬ್ಯಾಟರಿಯದ್ದು, ಬುಕ್ ಮಾಡಿದ್ದೀನಿ. ಶೋರೂಮಿನ ಹುಡುಗ ದಿನಕ್ಕೆರಡು ಸಲ ಫೋನ್ ಮಾಡ್ತಾನೆ: "ಸಾರ್, 7.2 ಚಾರ್ಜರ್‌ದೇ ತಗೊಳ್ಳಿ, ಐವತ್ತು ಸಾವಿರ ಅಷ್ಟೇ ಜಾಸ್ತಿ." ಶನಿವಾರದೊಳಗೆ ಹೇಳಬೇಕಂತೆ.

ನಮ್ಮದು ಅಪ್ಪ 1991ರಲ್ಲಿ ಕಟ್ಟಿಸಿದ ಮನೆ. ಸಿಂಗಲ್ ಫೇಸ್. ಬಿಲ್‌ನಲ್ಲಿ ಲೋಡ್ 3 ಕಿಲೋವ್ಯಾಟ್ ಅಂತಿದೆ. ಪೋರ್ಟಿಕೋದಲ್ಲಿ ಒಂದು 15 ಆಂಪ್ ಪ್ಲಗ್ ಇದೆ, ಮೊದಲು ವಾಷಿಂಗ್ ಮೆಷಿನ್ ಅಲ್ಲಿತ್ತು. ದಿನಾ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾಗೆ ಹೋಗಿ ಬರೋದು 24 ಕಿ.ಮೀ. ತಿಂಗಳಿಗೊಮ್ಮೆ ಹಾಸನಕ್ಕೆ, ಮಾವನ ಮನೆಗೆ.

ಅಮ್ಮನ ಪ್ರಶ್ನೆ ಬೇರೆ ಇದೆ: "ಕಾರಿಗೆ ಕರೆಂಟ್ ಹಾಕಿದ್ರೆ ನಮ್ಮ ಫ್ರೀ ಕರೆಂಟ್ ಹೋಗುತ್ತೇನೋ?" ಗೃಹಜ್ಯೋತಿ ಬಂದಾಗಿನಿಂದ ನಮ್ಮ ಬಿಲ್ ಸೊನ್ನೆ, ಇಲ್ಲಾಂದ್ರೆ ಹತ್ತಿಪ್ಪತ್ತು ರೂಪಾಯಿ. ಆ ಸೊನ್ನೆ ಬಿಲ್ ತೋರಿಸೋದು ಅವರಿಗೊಂದು ಹೆಮ್ಮೆ.

ಯಾವ ಚಾರ್ಜರ್ ತಗೊಳ್ಳಲಿ?

ಮೇನ್_ಆಫ್_ಮಾಡಿ (ಮಂಡ್ಯ, ಎಲೆಕ್ಟ್ರಿಕಲ್ ಕಂಟ್ರಾಕ್ಟರ್)

ಸಾರ್, ಮೊದಲು ಒಂದು ಗೊಂದಲ ಬಿಡಿಸ್ಕೊಳ್ಳಿ. ಗೋಡೆಗೆ ಹಾಕೋ ಪೆಟ್ಟಿಗೆಗೆ ಎಲ್ಲರೂ ಚಾರ್ಜರ್ ಅಂತಾರೆ. ಅದು ಚಾರ್ಜರ್ ಅಲ್ಲ. ಎಸಿ ಕರೆಂಟನ್ನು ಡಿಸಿ ಮಾಡಿ ಬ್ಯಾಟರಿಗೆ ತುಂಬೋ ಯಂತ್ರ ಕಾರಿನ ಒಳಗೇ ಕೂತಿರುತ್ತೆ. ಗೋಡೆ ಪೆಟ್ಟಿಗೆ ಒಂದು ಹುಷಾರಿ ಸ್ವಿಚ್ ಅಷ್ಟೇ. ಅರ್ಥಿಂಗ್ ಸರಿಯಿದೆಯಾ ನೋಡುತ್ತೆ, ಲೀಕೇಜ್ ನೋಡುತ್ತೆ, "ನೀನು ಇಷ್ಟು ಆಂಪ್ ಎಳ್ಕೋಬಹುದು" ಅಂತ ಒಂದು ಸಣ್ಣ ತಂತಿಯಲ್ಲಿ ಕಾರಿಗೆ ಸಂದೇಶ ಕಳಿಸುತ್ತೆ, ಆಮೇಲೆ ಲೈನ್ ಬಿಡುತ್ತೆ.

ಹಾಗಾಗಿ ಶೋರೂಮಿನವನು ಕೇಳ್ತಿರೋ ಐವತ್ತು ಸಾವಿರ ಬರೀ ಪೆಟ್ಟಿಗೆಗಲ್ಲ, ಕಾರಿನೊಳಗೆ ಕೂರೋ 7.2 ಕಿಲೋವ್ಯಾಟ್ ಚಾರ್ಜರಿಗೂ ಸೇರಿ. ಈಗ 3.3 ತಗೊಂಡ್ರೆ ಆ ಕಾರು ಕೊನೇ ತನಕ ಎಸಿಯಲ್ಲಿ 3.3 ಕಾರೇ. ಮನೇಲಿ 22 ಕಿಲೋವ್ಯಾಟ್ ಪೆಟ್ಟಿಗೆ ಹಾಕಿದ್ರೂ 3.3 ಮಾತ್ರ ಕುಡಿಯುತ್ತೆ. ಮದ್ದೂರಿನ ಕಡೆ ಒಬ್ಬರು ತ್ರೀ ಫೇಸ್ 22ರ ಪೆಟ್ಟಿಗೆ ಹಾಕಿಸಿ, "ಕಾರು ಯಾಕೆ ಇಷ್ಟು ನಿಧಾನ" ಅಂತ ನನ್ನನ್ನ ಕರೆಸಿದ್ರು. ಏನ್ ಹೇಳೋದು, ಕಾಫಿ ಕುಡಿದು ಬಂದೆ.

7.2 ಕಾರು ತಗೊಂಡ್ರೆ 15 ಆಂಪ್ ಪ್ಲಗ್‌ನಲ್ಲೂ ಹಾಕಬಹುದು, ಮುಂದೆ ದೊಡ್ಡ ಪೆಟ್ಟಿಗೆಗೂ ಹೋಗಬಹುದು. ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರಿಗೂ ಇದಕ್ಕೂ ಸಂಬಂಧ ಇಲ್ಲ. ಡಿಸಿ ನೇರವಾಗಿ ಬ್ಯಾಟರಿಗೆ ಹೋಗುತ್ತೆ.

ಇನ್ನು ನಿಮ್ಮ ಮನೆ ವಿಷಯ. ಆ ಪೋರ್ಟಿಕೋ ಪ್ಲಗ್‌ಗೆ ಎಷ್ಟು ಎಂಎಂ ವೈರ್ ಬಂದಿದೆ? ಅರ್ಥಿಂಗ್ ಗುಂಡಿ ಎಲ್ಲಿದೆ, ಕೊನೇ ಸಲ ನೀರು ಹಾಕಿದ್ದು ಯಾವಾಗ? ಇದು ಗೊತ್ತಾಗೋವರೆಗೂ 3.3ನೂ ಬೇಡ, 7.2ನೂ ಬೇಡ.

ದುರ್ಗದಬೈಲ್_ಚಹಾ (ಹುಬ್ಬಳ್ಳಿ)

ಕಣ್ಣು ಮುಚ್ಚಿ 7.2 ತಗೋರಿ. ನಂದು ಔಷಧ ಡಿಸ್ಟ್ರಿಬ್ಯೂಷನ್ ಧಂಧೆ ಐತಿ. ಹುಬ್ಬಳ್ಳಿ, ಗದಗ, ಲಕ್ಷ್ಮೇಶ್ವರ ಅಂತ ದಿನಾ ನೂರೈವತ್ತು ಕಿ.ಮೀ. ಗಾಡಿ ಹೊಡೀತೀನ್ರಿ. ರಾತ್ರಿ ಹನ್ನೊಂದಕ್ಕ ಮನೀಗೆ ಬಂದು ಬೆಳಿಗ್ಗೆ ಆರಕ್ಕ ಬಿಡಬೇಕು. 3.3ನಾಗ ನಡಿಯೂದಿಲ್ಲ. ಮೊದಲಿನ ಗಾಡಿ 3.3 ಇತ್ತು, ಒಂದ್ ವರ್ಷ ಬರೇ ಪರ್ಸೆಂಟೇಜ್ ನೋಡಿ ನೋಡಿ ತಲಿ ಕೆಟ್ಟು ಹೋಗಿತ್ತು. ಮಾರೂ ಮುಂದನೂ 7.2 ಇದ್ದದ್ದಕ್ಕ ಜನ ಮೊದಲ ಕೇಳ್ತಾರ.

ಕೆರೆ_ಏರಿ_ವಾಕರ್

ನೂರೈವತ್ತು ಎಲ್ಲಿ, ನನ್ನ ಇಪ್ಪತ್ನಾಲ್ಕು ಎಲ್ಲಿ ಸಾರ್!

ಅರ್ಧಚಂದ್ರ_ಕಪ್ಪು (ಬೆಂಗಳೂರು, ವಿಜಯನಗರ)

ನನ್ನ ಕಥೆ ಕೇಳಿ, ಆಮೇಲೆ ನಿರ್ಧಾರ ಮಾಡಿ.

ನಮ್ಮದೂ ಹಳೇ ಮನೆ. ಕಾರಿನ ಜೊತೆ ಬಂದ ಪೋರ್ಟಬಲ್ ಚಾರ್ಜರನ್ನು ಮೆಟ್ಟಿಲ ಕೆಳಗಿನ 15 ಆಂಪ್ ಪ್ಲಗ್‌ಗೆ ಹಾಕ್ತಿದ್ದೆ. ಎರಡು ತಿಂಗಳು ಏನೂ ತೊಂದರೆ ಇರಲಿಲ್ಲ. ಒಂದು ರಾತ್ರಿ ಅಮ್ಮ "ಪಕ್ಕದ ಮನೆಯವರು ಇಷ್ಟು ಹೊತ್ತಲ್ಲಿ ಒಣಮೀನು ಹುರೀತಿದಾರಲ್ಲೋ" ಅಂದ್ರು. ನನಗೂ ವಾಸನೆ ಬಂತು. ಕಿಟಕಿ ಮುಚ್ಚಿ ಮಲಗಿದ್ವಿ. ಬೆಳಿಗ್ಗೆ ಪ್ಲಗ್ ಎಳೆಯೋಕೆ ಹೋದ್ರೆ ಬರ್ತಾನೇ ಇಲ್ಲ. ಜೋರಾಗಿ ಎಳೆದಾಗ ಸಾಕೆಟ್ಟಿನ ಬಲಗಡೆ ತೂತಿನ ಪ್ಲಾಸ್ಟಿಕ್ಕೂ ಜೊತೆಗೇ ಬಂತು. ಆ ತೂತಿನ ಸುತ್ತ ಅರ್ಧಚಂದ್ರದ ಹಾಗೆ ಕಂದು, ಒಳಗೆ ಕಪ್ಪು. ಹಿಂದಿನ ವೈರಿನ ಇನ್ಸುಲೇಷನ್ ಎರಡಿಂಚು ಸುಟ್ಟು ಬಿಸ್ಕತ್ತಿನ ಥರ ಉದುರ್ತಿತ್ತು.

ಎಂಸಿಬಿ (ಕರೆಂಟು ಮಿತಿ ಮೀರಿದ್ರೆ ತಾನೇ ಬೀಳೋ ಸ್ವಿಚ್) ಬಿದ್ದಿರಲಿಲ್ಲ. ಯಾಕೆ ಬೀಳಬೇಕು? ಕರೆಂಟು ಹದಿನೈದೇ ಆಂಪ್ ಹೋಗ್ತಿತ್ತು. ಹಿಡಿತ ಸಡಿಲ ಆಗಿರೋ ಸಾಕೆಟ್ಟಿನಲ್ಲಿ ಅದೇ ಹದಿನೈದು ಆಂಪ್ ಒಲೆ ಆಗಿಬಿಡುತ್ತೆ ಅಂತ ಆಮೇಲೆ ಗೊತ್ತಾಯ್ತು. ಗೀಸರ್ ಇಪ್ಪತ್ತು ನಿಮಿಷ ಉರಿಯುತ್ತೆ, ಇಸ್ತ್ರಿ ಪೆಟ್ಟಿಗೆ ಆಗಾಗ ಆಫ್ ಆಗುತ್ತೆ. ಕಾರು ಮಾತ್ರ ಎಂಟು ಗಂಟೆ ಬಿಡದೆ ಎಳೆಯುತ್ತೆ.

ಮೇನ್_ಆಫ್_ಮಾಡಿ

ಈ ಮೇಲಿನದ್ದನ್ನ ಎಲ್ಲರೂ ಎರಡು ಸಲ ಓದಿ. ನಾನು ನೋಡಿರೋ ಸುಟ್ಟ ಕೇಸುಗಳಲ್ಲಿ ಹತ್ತಕ್ಕೆ ಒಂಬತ್ತು ಸಾಕೆಟ್ಟಿನವೇ. ಕಾರಿಂದಲ್ಲ, ಚಾರ್ಜರಿಂದಲ್ಲ.

15 ಆಂಪ್‌ಗೇ ಹಾಕೋದಾದ್ರೆ ಮೀಟರ್ ಬೋರ್ಡಿಂದ ಬೇರೆ ಲೈನ್ ಎಳೀರಿ, ಮಧ್ಯೆ ಇನ್ಯಾವ ಪಾಯಿಂಟೂ ಇರಬಾರದು. 4 ಚದರ ಎಂಎಂ ತಾಮ್ರ. ಹಳೇ ಮನೆಗಳಲ್ಲಿ ಪವರ್ ಪ್ಲಗ್‌ಗೆ 2.5 ಎಳೆದಿರ್ತಾರೆ, ಕೆಲವು ಕಡೆ 1.5 ನೋಡಿದ್ದೀನಿ, ದೇವರೇ ಕಾಪಾಡಬೇಕು. 20 ಆಂಪ್ ಎಂಸಿಬಿ. 30 ಮಿಲಿ ಆಂಪಿನ ಆರ್‌ಸಿಸಿಬಿ (ಲೀಕೇಜ್ ಆದ್ರೆ ಲೈನ್ ಕಟ್ ಮಾಡೋ ಸ್ವಿಚ್), ಅದೂ "ಟೈಪ್ ಎ" ಅಂತ ಕೇಳಿ ತಗೊಳ್ಳಿ. ಅಂಗಡೀಲಿ ಸುಮ್ನೆ ಆರ್‌ಸಿಸಿಬಿ ಅಂದ್ರೆ "ಟೈಪ್ ಎಸಿ" ಕೊಡ್ತಾರೆ, ಫ್ರಿಜ್ಜು ಮಿಕ್ಸಿಗೆ ಅದು ಸರಿ. ಕಾರಿನ ಕಡೆಯಿಂದ ಡಿಸಿ ಲೀಕೇಜ್ ಸ್ವಲ್ಪ ಬಂದ್ರೂ ಆ ಎಸಿ ಟೈಪಿನದು ಮಂಕಾಗಿ ಕೂರುತ್ತೆ, ಬೀಳಬೇಕಾದಾಗ ಬೀಳಲ್ಲ. ಒಳ್ಳೇ ಗೋಡೆ ಪೆಟ್ಟಿಗೆಗಳಲ್ಲಿ 6 ಮಿಲಿ ಆಂಪ್ ಡಿಸಿ ಹಿಡಿಯೋ ವ್ಯವಸ್ಥೆ ಒಳಗೇ ಇರುತ್ತೆ. ಕೊಳ್ಳುವಾಗ ಅದೊಂದು ಕೇಳಿ. ಆ್ಯಪು, ಬಣ್ಣದ ಲೈಟು ಆಮೇಲೆ ನೋಡಿದ್ರಾಯ್ತು.

7.2 ಅಂದ್ರೆ 32 ಆಂಪ್. ಹತ್ತಿರ ಇದ್ರೆ 6 ಚದರ ಎಂಎಂ, ದೂರ ಇದ್ರೆ 10. ಎಂಸಿಬಿ 40. ಇದಕ್ಕೆ ಪ್ಲಗ್ಗು ಸಾಕೆಟ್ಟು ಬೇಡವೇ ಬೇಡ, ನೇರ ಪೆಟ್ಟಿಗೆಗೆ ಸ್ಕ್ರೂ ಬಿಗಿ.

ಇನ್ನೊಂದು ಮಾತು. ಮೊದಲ ದಿನ ಚಾರ್ಜಿಗೆ ಹಾಕಿ ಒಂದು ಗಂಟೆ ಬಿಟ್ಟು ಸಾಕೆಟ್ ಮುಖದ ಮೇಲೆ ಕೈ ಇಡಿ. ಬೆಚ್ಚಗಿದ್ರೆ ಪರವಾಗಿಲ್ಲ. ಕೈ ಇಟ್ಟುಕೊಳ್ಳೋಕೆ ಆಗದಷ್ಟು ಬಿಸಿ ಇದ್ರೆ ಅವತ್ತೇ ಬದಲಿಸಿ.

ದುರ್ಗದಬೈಲ್_ಚಹಾ

ಅದಕ್ಕ ಪ್ಲಗ್ ಕತ್ತರಿಸಿ ನೀಲಿ ಇಂಡಸ್ಟ್ರಿಯಲ್ ಪ್ಲಗ್ ಹಾಕ್ರಿ. ನಮ್ಮ ಗೋಡೌನ್‌ನಾಗ ಅದನ ಐತಿ, ತಿರುವಿ ಹಿಡದಂಗ ಗಟ್ಟಿ ಕೂಡ್ತದ.

ಮೇನ್_ಆಫ್_ಮಾಡಿ

ಹಿಡಿತ ಚೆನ್ನಾಗಿರುತ್ತೆ, ಒಪ್ಕೋತೀನಿ. ಆದ್ರೆ ಕಂಪನಿ ಕೊಟ್ಟ ಕೇಬಲ್ಲಿನ ಪ್ಲಗ್ ಕತ್ತರಿಸಿದ್ರೆ ವಾರಂಟಿ ಹೋಯ್ತು ಅಂದ್ಕೊಳ್ಳಿ. ಕೆಲವು ಕೇಬಲ್ಲಿನ ಪ್ಲಗ್ಗಿನೊಳಗೇ ಬಿಸಿ ಅಳೆಯೋ ಸೆನ್ಸರ್ ಇರುತ್ತೆ, ಅದೂ ಹೋಗುತ್ತೆ. ಅದರ ಬದಲು ಒಳ್ಳೇ 16 ಆಂಪ್ ಸಾಕೆಟ್ ಹಾಕಿ, ವರ್ಷಕ್ಕೊಂದು ಸಲ ಬದಲಿಸಿ. ಐವತ್ತು ಸಾವಿರದ ಚರ್ಚೆ ನಡೀತಿರೋ ಕಡೆ ಐನೂರು ರೂಪಾಯಿ ಸಾಕೆಟ್ಟಿಗೆ ಯಾಕೆ ಕೈ ಹಿಡಿಯಬೇಕು?

ಕೆರೆ_ಏರಿ_ವಾಕರ್

ಇವತ್ತು ಎಲೆಕ್ಟ್ರಿಷಿಯನ್ ಕರೆಸಿದ್ದೆ. ಮಲ್ಟಿಮೀಟರ್ ಹಿಡಿದು ಪೋರ್ಟಿಕೋ ಪ್ಲಗ್ ನೋಡಿದ್ರು. ಫೇಸ್–ನ್ಯೂಟ್ರಲ್ 228. ಫೇಸ್–ಅರ್ಥ್ 187. ನ್ಯೂಟ್ರಲ್–ಅರ್ಥ್ 41. ಆ 41 ನೋಡಿ ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಅರ್ಥಿಂಗ್ ಗುಂಡಿ ಹುಡುಕಿದ್ವಿ. ಇಲ್ಲ! ಅಮ್ಮ ನೆನಪು ಮಾಡ್ಕೊಂಡು ಹೇಳಿದ್ರು: 2008ರಲ್ಲಿ ಪೋರ್ಟಿಕೋಗೆ ಟೈಲ್ಸ್ ಹಾಕಿಸುವಾಗ ಮೇಸ್ತ್ರಿ "ಈ ಗುಂಡಿ ಅಸಹ್ಯವಾಗಿ ಕಾಣುತ್ತೆ" ಅಂತ ಮುಚ್ಚಿಬಿಟ್ಟನಂತೆ. ಇಷ್ಟು ವರ್ಷ ಆ ಗುಂಡಿ ಒಂದು ಹನಿ ನೀರು ಕಂಡಿಲ್ಲ. ನಾವು ಅದರ ಮೇಲೇ ಚಪ್ಪಲಿ ಬಿಡ್ತಿದ್ವಿ.

ಸ್ಪ್ಯಾನರ್_ಅಣ್ಣ (ತುಮಕೂರು)

ಇದಕ್ಕೆಲ್ಲ ಗುಂಡಿ ತೆಗೀಬೇಕಾ ಗುರು. ಸಾಕೆಟ್ಟಿನ ಹಿಂದೆ ನ್ಯೂಟ್ರಲ್ಲಿಂದ ಅರ್ಥ್ ಪಿನ್ನಿಗೆ ಒಂದು ಚಿಕ್ಕ ವೈರ್ ಹಾಕಿದ್ರೆ ಚಾರ್ಜರ್‌ನ ಕೆಂಪು ಲೈಟ್ ಹೋಗಿ ಹಸಿರು ಬರುತ್ತೆ. ನಮ್ಮ ಏರಿಯಾದಲ್ಲಿ ಮೂರ್ನಾಲ್ಕು ಜನಕ್ಕೆ ಹೀಗೇ ಮಾಡಿ ಕೊಟ್ಟಿದೀನಿ.

ಮೇನ್_ಆಫ್_ಮಾಡಿ

ದಯವಿಟ್ಟು ಆ ಮೂರ್ನಾಲ್ಕು ಮನೆಗೂ ಇವತ್ತೇ ಹೋಗಿ ಆ ವೈರ್ ತೆಗೆದು ಬನ್ನಿ. ತಮಾಷೆಗೆ ಹೇಳ್ತಿಲ್ಲ.

ಆ ಕೆಂಪು ಲೈಟ್ ಇರೋದೇ "ಇಲ್ಲಿ ಅರ್ಥ್ ಇಲ್ಲ" ಅಂತ ಹೇಳೋಕೆ. ನೀವು ಹೇಳೋ ಲೂಪ್ ಹಾಕಿದ್ರೆ ಕಾರಿನ ಬಾಡಿ ನ್ಯೂಟ್ರಲ್ಲಿಗೆ ಸೇರ್ತು. ಕಂಬದಲ್ಲೋ ಮೀಟರ್ ಬೋರ್ಡಲ್ಲೋ ನ್ಯೂಟ್ರಲ್ ಒಂದು ಸಲ ಕಟ್ ಆದ್ರೆ, ನಮ್ಮ ಊರುಗಳಲ್ಲಿ ಗಾಳಿ ಮಳೆಗೆ ಅದು ಆಗೋದೇ, ಮನೆಯ ಬಲ್ಬು ಫ್ಯಾನಿನ ಮೂಲಕ 230 ವೋಲ್ಟ್ ಹಿಂದಕ್ಕೆ ಬಂದು ಕಾರಿನ ಬಾಗಿಲಲ್ಲಿ ನಿಂತಿರುತ್ತೆ. ಆರ್‌ಸಿಸಿಬಿನೂ ಕೈ ಕೊಡಬಹುದು. ಮಳೇಲಿ ಬರಿಗಾಲಲ್ಲಿ ಬಂದು ಬಾಗಿಲು ಮುಟ್ಟೋ ಮಗುವನ್ನ ಒಂದು ಸಲ ನೆನೆಸ್ಕೊಳ್ಳಿ.

ಮೈಸೂರಿನ ಸಾರ್‌ಗೆ: ಟೈಲ್ಸ್ ಒಡೆಯೋದು ಬೇಡ. ಕಾಂಪೌಂಡ್ ಪಕ್ಕ ಹೊಸ ಗುಂಡಿ ತೆಗೆಸಿ. ಇದ್ದಿಲು-ಉಪ್ಪಿನ ಹಳೇ ಪದ್ಧತಿಯಾದ್ರೂ ಸರಿ, ತಾಮ್ರ ಲೇಪದ ರಾಡ್ ಜೊತೆ ಅರ್ಥಿಂಗ್ ಪೌಡರ್ ಆದ್ರೂ ಸರಿ. ಆದ ಮೇಲೆ ಅರ್ಥ್ ಟೆಸ್ಟರ್‌ನಲ್ಲಿ ಅಳೆಸಿ, 5 ಓಮ್‌ಗಿಂತ ಕಡಿಮೆ ಬರಬೇಕು. ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಇದ್ರೆ ಚಾರ್ಜರ್ ತಕರಾರು ಮಾಡಲ್ಲ.

ಸ್ಪ್ಯಾನರ್_ಅಣ್ಣ

ಸರಿ ಸಾರ್, ಗೊತ್ತಿರಲಿಲ್ಲ. ಹೋಗಿ ತೆಗೀತೀನಿ.

ಲೆಕ್ಕದ_ಮೇಷ್ಟ್ರು (ದಾವಣಗೆರೆ)

ತಾಯಿಯವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಕಂಡಂತೆ ಇಲ್ಲಿನ ಅತಿ ಒಳ್ಳೆಯ ಪ್ರಶ್ನೆ ಅದೇ.

ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಮಿತಿ 200 ಯುನಿಟ್ ಅಲ್ಲ. 2022–23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ 10. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚುವರಿಗೆ ಮಾತ್ರ ಹಣ. 200 ದಾಟಿತೋ, ಪೂರ್ತಿ ಬಿಲ್ಲು ನಿಮ್ಮದೇ. ಅಂದರೆ 198 ಯುನಿಟ್‌ಗೂ 202 ಯುನಿಟ್‌ಗೂ ನಡುವೆ ಇರುವುದು ಮೆಟ್ಟಿಲಲ್ಲ, ಬಾವಿ.

ನಿಮ್ಮ ಓಡಾಟ ತಿಂಗಳಿಗೆ 950 ಕಿ.ಮೀ. ಎಂದಿಟ್ಟುಕೊಳ್ಳೋಣ. ಗೋಡೆಯಿಂದ ಎಳೆದ ಒಂದು ಯುನಿಟ್‌ಗೆ ಏಳು ಕಿ.ಮೀ. ಹಿಡಿದರೆ 135 ಯುನಿಟ್. ಮನೆಯ ಬಳಕೆ 85 ಎಂದರೆ ಒಟ್ಟು 220. ಬಾವಿಗೆ ಬಿದ್ದಿರಿ.

ಈಗ ಬಿಲ್ಲು. 2025ರ ಏಪ್ರಿಲ್‌ನಲ್ಲಿ ಜಾರಿಯಾದ ಪಟ್ಟಿಯಂತೆ ಮನೆ ದರ ಯುನಿಟ್‌ಗೆ 5.80, ಪಿಂಚಣಿ ಸರ್‌ಚಾರ್ಜ್ 36 ಪೈಸೆ, ತೆರಿಗೆ ಶೇ 9, ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ಇತ್ತು. ಲೋಡ್ 3 ಕಿಲೋವ್ಯಾಟ್ ಇದ್ದರೆ ಎಲ್ಲ ಸೇರಿ ಸುಮಾರು 1,900 ರೂಪಾಯಿ. ಇದೇ 950 ಕಿ.ಮೀ. ಲೀಟರ್‌ಗೆ 15 ಕೊಡುವ ಪೆಟ್ರೋಲ್ ಕಾರಿನಲ್ಲಿ ಹೋದರೆ ಆರು ಸಾವಿರದ ಮೇಲೆ. ಹಾಗಾಗಿ ಅಮ್ಮನಿಗೆ ಹೇಳಿ: ಸೊನ್ನೆ ಬಿಲ್ಲು ಹೋಗುತ್ತದೆ, ಆದರೆ ಪೆಟ್ರೋಲ್ ಚೀಟಿಯೂ ಹೋಗುತ್ತದೆ.

ಈಗ 3.3–7.2ರ ಮಾತಿಗೆ ಬನ್ನಿ. 7.2 ಹಾಕಲು ಲೋಡ್ 10 ಕಿಲೋವ್ಯಾಟ್‌ಗೆ ಏರಿಸಿದಿರಿ ಅನ್ನಿ. ಆ ಪಟ್ಟಿಯಂತೆ ನಿಗದಿತ ಶುಲ್ಕವೇ ತಿಂಗಳಿಗೆ 1,450. ಕಾರು ಓಡಲಿ, ಶೆಡ್ಡಿನಲ್ಲಿ ನಿಲ್ಲಲಿ, ಕಟ್ಟಲೇಬೇಕು. 5ಕ್ಕೆ ಏರಿಸಿದರೆ 725. ದಿನಕ್ಕೆ 24 ಕಿ.ಮೀ. ಓಡಿಸುವವರು ಯಾವ ಅವಸರಕ್ಕೆ ಆ ಹಣ ಕೊಡಬೇಕು ಎಂಬುದು ನನ್ನ ಪ್ರಶ್ನೆ. ಇಪ್ಪತ್ನಾಲ್ಕು ಕಿ.ಮೀ.ಗೆ ಮೂರೂವರೆ ಯುನಿಟ್. 3.3ರಲ್ಲಿ ಒಂದು ಗಂಟೆ ಚಿಲ್ಲರೆ. ರಾತ್ರಿ ಊಟ ಮಾಡಿ ತಟ್ಟೆ ತೊಳೆಯುವಷ್ಟರಲ್ಲಿ ಮುಗಿಯಿತು.

ಕೆರೆ_ಏರಿ_ವಾಕರ್

ಅಮ್ಮನಿಗೆ ಓದಿ ಹೇಳಿದೆ. "ಮೇಷ್ಟ್ರು ಸರಿಯಾಗಿ ಹೇಳಿದಾರೆ, ಆದ್ರೆ 200ರ ಒಳಗೇ ಇಡೋಕೆ ಆಗಲ್ವಾ?" ಅಂದ್ರು.

ಲೆಕ್ಕದ_ಮೇಷ್ಟ್ರು

ಎರಡು ದಾರಿ. ಕಚೇರಿಯಲ್ಲಿ ಪ್ಲಗ್ ಸಿಕ್ಕರೆ ವಾರಕ್ಕೊಂದು ಸಲ ಅಲ್ಲಿ ಹಾಕಿ, ಹಾಸನದ ಮಾವನ ಮನೆಯಲ್ಲಿ ಪೂರ್ತಿ ತುಂಬಿಸಿಕೊಂಡು ಬನ್ನಿ. (ಅಳಿಯ ಬಂದಾಗ ಅವರ ಮೀಟರ್ ತಿರುಗಿದರೆ ಯಾರೂ ಏನೂ ಅನ್ನುವುದಿಲ್ಲ.) ನಿಮಗೆ ಇಳಿಸಬೇಕಿರುವುದು ಇಪ್ಪತ್ತು ಯುನಿಟ್ ಮಾತ್ರ.

ಇನ್ನೊಂದು, ಕಾರಿಗೇ ಬೇರೆ ಮೀಟರ್. ಇ.ವಿ. ಚಾರ್ಜಿಂಗ್‌ಗೆಂದು ಎಲ್‌ಟಿ-6(ಸಿ) ಎಂಬ ಬೇರೆ ದರ ವರ್ಗವಿದೆ, ಯುನಿಟ್ ದರ ಮನೆಯದಕ್ಕಿಂತ ಕಡಿಮೆ. ಹೊಸ ಆರ್.ಆರ್. ನಂಬರ್ (ಗ್ರಾಹಕ ಸಂಖ್ಯೆ), ಠೇವಣಿ, ಅದಕ್ಕೂ ಒಂದು ನಿಗದಿತ ಶುಲ್ಕ. ತಿಂಗಳಿಗೆ 135 ಯುನಿಟ್‌ಗೆ ಇಷ್ಟು ಓಡಾಟ ಮಾಡಬೇಕೇ ಎಂದು ಯೋಚಿಸಿ. ಹುಬ್ಬಳ್ಳಿಯವರ ಹಾಗೆ ಓಡಿಸುವವರಿಗೆ ಖಂಡಿತ ಲಾಭ.

ದುರ್ಗದಬೈಲ್_ಚಹಾ

ನಾ ಬ್ಯಾರೆ ಮೀಟರನ ತಗೊಂಡೀನ್ರಿ ಮೇಷ್ಟ್ರ. ಎರಡ ತಿಂಗಳ ಅಲಿಸಿದ್ರು, ಆದ್ರ ಬಂತು.

ಕಾರ್ಯದರ್ಶಿ_ಅನಿವಾರ್ಯ (ಬೆಂಗಳೂರು, ಬನ್ನೇರುಘಟ್ಟ ರಸ್ತೆ)

ಸ್ವಂತ ಮನೆಯವರು ಪುಣ್ಯವಂತರು. ನಾನು 96 ಫ್ಲಾಟಿನ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಕಾರ್ಯದರ್ಶಿ. ಬೇರೆ ಯಾರೂ ಒಪ್ಪಲಿಲ್ಲ ಅಂತ ಆಗಿದ್ದು, ಹೆಸರೇ ಹೇಳುತ್ತೆ.

ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯಲ್ಲಿ ಮನೆ, ಕಚೇರಿಯ ಈಗಿರೋ ಕನೆಕ್ಷನ್ನಿಂದಲೇ ಕಾರು ಚಾರ್ಜ್ ಮಾಡ್ಕೋಬಹುದು ಅಂತ ಹೇಳಿದ್ರು. ಆ ಪಿಡಿಎಫ್ ನನಗೆ ವಾಟ್ಸ್‌ಆ್ಯಪಿನಲ್ಲಿ ಹನ್ನೊಂದು ಸಲ ಬಂದಿದೆ. ಮಾಡ್ಕೊಳ್ಳಿ ಸ್ವಾಮಿ, ಬೇಡ ಅಂದವರ್ಯಾರು. ನಿಮ್ಮ ಮೀಟರ್ ಇರೋದು ಎ ಬ್ಲಾಕಿನ ಪ್ಯಾನೆಲ್ ರೂಮಲ್ಲಿ, ನಿಮ್ಮ ಕಾರು ನಿಲ್ಲೋದು ಎರಡನೇ ಬೇಸ್‌ಮೆಂಟಿನ ಕೊನೇ ಮೂಲೇಲಿ. ಮಧ್ಯೆ ಎಪ್ಪತ್ತು ಮೀಟರ್. ಗಲಾಟೆ ಇರೋದೇ ಆ ಎಪ್ಪತ್ತು ಮೀಟರಲ್ಲಿ.

ನಮ್ಮ ಎಂಜಿನಿಯರ್ ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸಿದ್ರು. 6 ಚದರ ಎಂಎಂ ತಾಮ್ರದಲ್ಲಿ ಎಪ್ಪತ್ತು ಮೀಟರ್ ಹೋಗಿ ಎಪ್ಪತ್ತು ಮೀಟರ್ ಬರಬೇಕು, 32 ಆಂಪ್ ಎಳೆದ್ರೆ ದಾರೀಲೇ ಸುಮಾರು 14 ವೋಲ್ಟ್ ಬಿದ್ದು ಹೋಗುತ್ತೆ. 440 ವ್ಯಾಟ್ ಬರೀ ಕೇಬಲ್ ಬಿಸಿ ಮಾಡೋಕೆ. ಅದೂ ಇನ್ನೂ ಹತ್ತು ಕೇಬಲ್ ಜೊತೆ ಒಂದೇ ಟ್ರೇನಲ್ಲಿ ಬೆವರ್ತಾ ಮಲಗಿರುತ್ತೆ. ಅದೇ ಕೇಬಲ್ಲಲ್ಲಿ 16 ಆಂಪ್ ಎಳೆದ್ರೆ ಏಳು ವೋಲ್ಟ್, ನಷ್ಟ ಕಾಲು ಭಾಗ. 7.2 ಬೇಕೇ ಬೇಕು ಅನ್ನೋವರಿಗೆ 16 ಚದರ ಎಂಎಂ ಎಳೆಸಿಕೊಳ್ಳಿ ಅಂದ್ವಿ. ಕೊಟೇಷನ್ ನೋಡಿ ಮೂರು ಜನ 3.3ಕ್ಕೆ ಇಳಿದ್ರು.

ಇನ್ನೊಂದು ಯಾರೂ ಯೋಚಿಸದೇ ಇರೋದು ಜನರೇಟರ್. ಫ್ಲಾಟಿನ ಲೈನಿಗೆ ಡಿ.ಜಿ. ಬ್ಯಾಕಪ್ ಇರುತ್ತಲ್ಲ. ಕರೆಂಟ್ ಹೋಗಿ ಡಿ.ಜಿ. ಸ್ಟಾರ್ಟ್ ಆದ ಕೂಡಲೇ ಆರು ಕಾರು ಒಟ್ಟಿಗೆ ಎಳೆಯೋಕೆ ಶುರು ಮಾಡಿದ್ವು, ಲಿಫ್ಟ್ ಮಧ್ಯದಲ್ಲಿ ನಿಂತ್ಕೊಂಡ್ತು. ಒಳಗೆ ಯಾರಿದ್ರು ಅಂತ ಹೇಳಲ್ಲ, ಅವರೂ ಇಲ್ಲಿ ಓದ್ತಾರೆ. ಡೀಸೆಲ್ ಸುಟ್ಟು ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡೋದು ಯಾವ ಪರಿಸರ ಪ್ರೇಮ? ಈಗ ಕಾರಿನ ಲೈನ್ ಎಲ್ಲಾ ಡಿ.ಜಿ.ಯಿಂದ ಹೊರಗೆ.

ಒಬ್ಬೊಬ್ಬರು ಒಂದೊಂದು ಕೇಬಲ್ ಎಳೆಯೋದಕ್ಕೆ ಮೊದಲೇ ಬೇಸ್‌ಮೆಂಟಿಗೆ ಒಂದು ದಪ್ಪ ಲೈನ್ ತಂದು ಅಲ್ಲಿಂದ ಸಬ್ ಮೀಟರ್ ಕೊಟ್ಟುಬಿಡಿ. ನಾವು ಮೂರನೇ ಕಾರು ಬಂದಾಗ ಮಾಡಬೇಕಿತ್ತು. ಹದಿನೆಂಟನೇ ಕಾರು ಬಂದಾಗ ಮಾಡಿದ್ವಿ. ಟ್ರೇ ನೋಡಿದ್ರೆ ಈಗ ಹಾವಿನ ಹುತ್ತ.

ಅಡಿಕೆ_ಚೊಗರು (ತೀರ್ಥಹಳ್ಳಿ ಹತ್ತಿರ)

ನೀವೆಲ್ಲ 230 ವೋಲ್ಟ್ ಅಂತ ಲೆಕ್ಕ ಹಾಕ್ತಾ ಇದ್ದೀರಿ ಮಾರಾಯ್ರೆ. ನಮ್ಮಲ್ಲಿ ಬಂದು ನೋಡಿ. ಸಂಜೆ ಏಳಕ್ಕೆ 175 ಇದ್ರೆ ಹಬ್ಬ. ಕೊಯ್ಲಿನ ಕಾಲದಲ್ಲಿ ಸುತ್ತಲಿನ ಮನೆಗಳಲ್ಲಿ ಅಡಿಕೆ ಸುಲಿಯೋ ಮಷಿನ್ ಶುರುವಾದ್ರೆ ಅದೂ ಇಲ್ಲ. ನಮ್ಮನೆ ಟ್ರಾನ್ಸ್‌ಫಾರ್ಮರಿನಿಂದ ಕೊನೇ ಮನೆ. ಕಾರು ಹಾಕಿದ್ರೆ ಹತ್ತು ನಿಮಿಷಕ್ಕೆ ಟಕ್ ಅಂತ ನಿಲ್ತಿತ್ತು. ಕೆಟ್ಟೋಯ್ತು ಅಂತ ಶಿವಮೊಗ್ಗಕ್ಕೆ ತಗೊಂಡು ಹೋದ್ರೆ ಅಲ್ಲಿ ಚೆನ್ನಾಗೇ ಚಾರ್ಜ್ ಆಯ್ತು!

ಕೊನೆಗೆ ಗೊತ್ತಾಗಿದ್ದು ಇಷ್ಟೇ: ಕಾರು ಎಳೆಯೋಕೆ ಶುರು ಮಾಡಿದ ಕೂಡಲೇ ಇದ್ದ ವೋಲ್ಟೇಜೂ ಕುಸಿದು ಚಾರ್ಜರ್ ಕೈ ಎತ್ತುತ್ತಿತ್ತು. ಈಗ ಆಂಪ್ ಕಡಿಮೆ ಮಾಡೋಕೆ ಬರೋ ಪೋರ್ಟಬಲ್ ತಂದಿದ್ದೀನಿ. 10 ಆಂಪ್‌ಗೆ ಇಟ್ಟು ರಾತ್ರಿ ಹನ್ನೊಂದರ ಮೇಲೆ ಹಾಕ್ತೀನಿ, ಆಗ ವೋಲ್ಟೇಜು 210ರ ಮೇಲೆ ಬರುತ್ತೆ. ಬೆಳಿಗ್ಗೆ ಏಳರೊಳಗೆ ನೂರು ಕಿ.ಮೀ.ಗೆ ಆಗೋಷ್ಟು ಸೇರಿರುತ್ತೆ. 7.2 ಅನ್ನೋದು ನಮ್ಮ ಲೈನಿಗೆ ಕನಸು. ಹಳ್ಳಿಯವರು ಎಷ್ಟು ಕಿಲೋವ್ಯಾಟ್ ಅಂತ ಕೇಳೋದಕ್ಕಿಂತ ಆಂಪ್ ಇಳಿಸೋಕೆ ಬರುತ್ತಾ ಅಂತ ಕೇಳಿ ತಗೊಳ್ಳಿ.

ಇನ್ನು ಏಪ್ರಿಲ್–ಮೇ ಗುಡುಗು. ಮೀಟರ್ ಬೋರ್ಡಿಗೆ ಎಸ್‌ಪಿಡಿ (ಸಿಡಿಲಿಗೆ ಏರೋ ವೋಲ್ಟೇಜ್ ತಡೆಯೋ ಸಾಧನ) ಹಾಕ್ಸಿದ್ದೀನಿ, ಆದ್ರೂ ಗುಡ್ಡದ ಕಡೆ ಮೋಡ ಕಪ್ಪಾದ್ರೆ ಮೊದಲು ಕಾರಿನ ಪ್ಲಗ್ ಕಿತ್ತು ಆಮೇಲೆ ಅಂಗಳದ ಅಡಿಕೆ ಎತ್ತೋದು. ಟಿ.ವಿ. ಹೋದ್ರೆ ಹೋಗಲಿ.

ಬೇ_ಏರಿಯಾ_ಬೇಳೆಸಾರು (ಫ್ರೀಮಾಂಟ್)

ಇಲ್ಲಿಂದ ಒಂದು ಮಾತು. ಅಮೆರಿಕದ ಸಾದಾ ಪ್ಲಗ್ 120 ವೋಲ್ಟ್. ಅದರಲ್ಲಿ ಕಾರು 12 ಆಂಪ್ ಎಳೆಯುತ್ತೆ, 1.4 ಕಿಲೋವ್ಯಾಟ್. ನಿಮ್ಮ 15 ಆಂಪ್ ಪ್ಲಗ್ಗಿನ ಅರ್ಧವೂ ಇಲ್ಲ. ನಾನು ಎರಡು ವರ್ಷ ಅದರಲ್ಲೇ ಕಳೆದೆ. ಆಫೀಸು ಹತ್ತಿರ ಇದ್ದಿದ್ದರಿಂದ ಒಂದು ದಿನವೂ ಸಾಲದು ಅನಿಸಲಿಲ್ಲ. ಇಲ್ಲಿ ಗಂಟೆಗಟ್ಟಲೆ ಎಳೆಯೋ ಲೋಡಿಗೆ ಸರ್ಕ್ಯೂಟಿನ ಶೇ 80 ಮಾತ್ರ ಬಳಸಬೇಕು ಅಂತ ನಿಯಮ. 50 ಆಂಪ್ ಲೈನಿದ್ರೆ ಕಾರಿಗೆ 40. ಮಂಡ್ಯದವರು 32ಕ್ಕೆ 40ರ ಎಂಸಿಬಿ ಹೇಳಿದ್ದು ಅದೇ ಲೆಕ್ಕ. ಸುಟ್ಟ ಸಾಕೆಟ್ಟಿನ ಫೋಟೊಗಳು ಇಲ್ಲಿನ ಗುಂಪುಗಳಲ್ಲೂ ದಿನಾ ಬರ್ತವೆ, ಬಣ್ಣವೂ ಅದೇ ಕಂದು.

ತಾರಸಿ_ಬಿಸಿಲು (ಬಳ್ಳಾರಿ)

ಸೋಲಾರ್ ಹಾಕಿಸೋ ಯೋಚನೆ ಇದ್ರೆ ಅದನ್ನೂ ಈಗಲೇ ಸೇರಿಸಿ ಲೆಕ್ಕ ಮಾಡಿ. 3 ಕಿಲೋವ್ಯಾಟ್ ಹಾಕಿದ್ರೆ ದಿನಕ್ಕೆ ಹನ್ನೆರಡು ಯುನಿಟ್ ಆಸುಪಾಸು, ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ಸಬ್ಸಿಡಿ. ನೆಟ್ ಮೀಟರ್ ಇದ್ರೆ ಕಾರನ್ನ ರಾತ್ರೀನೇ ಹಾಕಿ, ಹಗಲು ಕೊಟ್ಟಿದ್ದು ಲೆಕ್ಕಕ್ಕೆ ಬರುತ್ತೆ. ನಮ್ಮೂರಲ್ಲಿ ಬಿಸಿಲಿಗೇನು ಬರ.

ಕೆರೆ_ಏರಿ_ವಾಕರ್

ಶನಿವಾರ ಬಂತು. 3.3ಕ್ಕೇ ಹೂಂ ಅಂದೆ. ಹುಡುಗನ ಮುಖ ಸಣ್ಣದಾಯ್ತು.

ದುರ್ಗದಬೈಲ್_ಚಹಾ

ತಪ್ಪು ಮಾಡಿದ್ರಿ. ನಾಳೆ ಕೆಲಸ ಬದಲಾತು, ಓಡಾಟ ಹೆಚ್ಚಾತು, ಏನ್ ಮಾಡ್ತೀರಿ? ಮಂಡ್ಯದವರ ಹೇಳ್ಯಾರ, ಗೋಡಿ ಡಬ್ಬಿ ಬದಲಿಸಬಹುದು, ಗಾಡಿ ಒಳಗಿಂದು ಬದಲಿಸಾಕ ಬರೂದಿಲ್ಲ ಅಂತ.

ಕೆರೆ_ಏರಿ_ವಾಕರ್

ನಿಮ್ಮ ಮಾತು ಅರ್ಥ ಆಯ್ತು ಸಾರ್, ಎರಡು ರಾತ್ರಿ ಅದನ್ನೇ ಯೋಚಿಸಿದೆ. ಹಾಸನಕ್ಕೆ ಹೋಗೋಕೆ ಹಿಂದಿನ ರಾತ್ರಿ ತುಂಬಿಸಿದ್ರೆ ಸಾಕು, ಮಾವನ ಮನೇಲೂ 15 ಆಂಪ್ ಪ್ಲಗ್ಗೇ ಇರೋದು. ಅದಕ್ಕಿಂತ ದೂರ ಹೋದ್ರೆ ಹೆದ್ದಾರಿಯ ಡಿಸಿ. ನನಗೆ 7.2 ಬೇಕಾಗೋ ದಿನ ವರ್ಷಕ್ಕೆ ನಾಲ್ಕೈದು ಬರಬಹುದೇನೋ. ಆ ದುಡ್ಡಲ್ಲಿ ಮೂರನೇ ಒಂದು ಭಾಗ ಮನೆಗೇ ಹಾಕ್ತೀನಿ.

ಕೆರೆ_ಏರಿ_ವಾಕರ್ (ಹದಿನೆಂಟು ದಿನದ ನಂತರ)

ಕೆಲಸ ಮುಗೀತು. ಕಾಂಪೌಂಡಿನ ಸೀಬೆ ಗಿಡದ ಪಕ್ಕ ಹೊಸ ಅರ್ಥಿಂಗ್. ಪಾತ್ರೆ ತೊಳೆದ ನೀರು ಆ ಗಿಡಕ್ಕೇ ಹೋಗೋದರಿಂದ ಮಣ್ಣು ಯಾವಾಗಲೂ ಹಸಿ ಇರುತ್ತೆ, ಜಾಗ ತೋರಿಸಿದ್ದು ಅಮ್ಮ. ಟೆಸ್ಟರ್‌ನಲ್ಲಿ 2.8 ಓಮ್ ಬಂತು. ನ್ಯೂಟ್ರಲ್–ಅರ್ಥ್ 41 ಇದ್ದದ್ದು ಈಗ 1.6 ವೋಲ್ಟ್. ಮೀಟರಿಂದ ಪೋರ್ಟಿಕೋಗೆ ಬೇರೆ 4 ಚದರ ಎಂಎಂ ಲೈನ್, ಟೈಪ್ ಎ ಆರ್‌ಸಿಸಿಬಿ (ಮೈಸೂರಲ್ಲಿ ಮೂರು ಅಂಗಡಿ ಅಲೆದೆ, ನಾಲ್ಕನೇದರಲ್ಲಿ ಸಿಕ್ತು), 20ರ ಎಂಸಿಬಿ. ಪೈಪ್ ಮಾತ್ರ ಮುಂದೆ ದಪ್ಪ ವೈರ್ ಎಳೆಯೋಕೆ ಆಗೋ ಹಾಗೆ ದೊಡ್ಡದೇ ಹಾಕಿಸಿದ್ದೀನಿ, ಹುಬ್ಬಳ್ಳಿ ಸಾರ್ ಮಾತಿಗೆ ಮರ್ಯಾದೆ. ಅರ್ಥಿಂಗ್, ವೈರ್, ಸ್ವಿಚ್‌ಗೇರ್, ಕೂಲಿ ಎಲ್ಲ ಸೇರಿ 17,400. ಲೋಡ್ 5ಕ್ಕೆ ಏರಿಸೋಕೆ ಸೆಸ್ಕ್‌ಗೆ (ನಮ್ಮ ವಿದ್ಯುತ್ ಕಂಪನಿ) ಅರ್ಜಿ ಕೊಟ್ಟೆ. ಗೀಸರ್ರೂ ಕಾರೂ ಒಟ್ಟಿಗೆ ಬಿದ್ರೆ 3 ಸಾಲಲ್ಲ ಅಂತ ಎಲೆಕ್ಟ್ರಿಷಿಯನ್ ಹೇಳಿದ್ರು.

ಗುರುವಾರ ಗಾಡಿ ಬಂತು. ಮೊದಲ ರಾತ್ರಿ ಒಂಬತ್ತೂವರೆಗೆ ಹಾಕಿದೆ, ಹಸಿರು ಲೈಟ್ ಬಂತು.

ಮೇನ್_ಆಫ್_ಮಾಡಿ

ಸಾಕೆಟ್ ಮುಟ್ಟಿ ನೋಡಿದ್ರಾ?

ಕೆರೆ_ಏರಿ_ವಾಕರ್

ನಾನು ಮರೆತಿದ್ದೆ ಸಾರ್. ಅಮ್ಮ ಹತ್ತೂವರೆಗೆ ಗೇಟಿಗೆ ಬೀಗ ಹಾಕೋಕೆ ಹೋದವರು ಮುಟ್ಟಿ ನೋಡಿ ಬಂದಿದ್ರು. "ಕಾಫಿ ಲೋಟದಷ್ಟೂ ಬಿಸಿ ಇಲ್ಲ ಕಣೋ, ಮಲಕ್ಕೋ" ಅಂದ್ರು.